ಎರಡು ಜಾಕೆಟ್

ಸೀಸನ್ ಶುರುವಾಗುವ ಮುಂಚೆ ಯಾರ ಮೈ ಎಷ್ಟು ತಾಳುತ್ತದೆಂದು ನೋಡಲು ನಮ್ಮ ಫುಟ್‌ಬಾಲ್ ಕ್ಲಬ್ಬಿನವರು ಓಟ ಅಳೆಯುವ ಜಾಕೆಟ್ ಕೊಟ್ಟಿದ್ದರು. ಭಾನುವಾರ ಅದನ್ನು ತೊಟ್ಟು ಅವರವರೇ ಓಡಿಕೊಳ್ಳಬೇಕು.

ತಂಡದ ಹಿರಿಯ ಆಟಗಾರ ಪೀಟರಣ್ಣನ ಮೊಣಕಾಲು ಊದಿತ್ತು. "ಗೊತ್ತಾದ್ರೆ ತೆಗೆದುಹಾಕ್ತಾರೆ ಕಣೋ. ನಂದೂ ಹಾಕ್ಕೊಂಡು ಓಡ್ತೀಯಾ?" ಎಂದ.

ನನಗೆ ಆಟ ಕಲಿಸಿದವನು. ಎರಡನ್ನೂ ಒಂದರ ಮೇಲೊಂದು ತೊಟ್ಟು, ಅವನ ಮಾನ ಉಳಿಯಲೆಂದು ಜೋರಾಗಿಯೇ ಓಡಿದೆ.

ಮರುದಿನ ಕೋಚ್ ನನ್ನನ್ನು ಕರೆದರು. "ನೀನೂ ಪೀಟರೂ ಜೊತೆಗೇ ಓಡಿದ್ರಾ?"

"ಹೌದು ಸರ್."

"ಅದಕ್ಕೇ ಇಬ್ಬರ ಅಳತೇನೂ ಒಂದೇ ಇದೆ. ಅವನ ಕಾಲು ಮುಗೀತು ಅಂದ್ಕೊಂಡು ಅವನ ಜಾಗಕ್ಕೆ ನಿನ್ನನ್ನ ತಂಡಕ್ಕೆ ತಗೊಂಡಿದ್ದೆ."

ನಾನು ಬಾಯಿ ತೆರೆದೆ. ನಿಜ ಹೇಳಿದರೆ ಇಬ್ಬರೂ ಹೊರಗೆ.

"ಇನ್ನೂ ಇಷ್ಟು ಚೆನ್ನಾಗಿ ಓಡ್ತಾನಲ್ಲ," ಎಂದರು ಕೋಚ್. "ನೀನು ಮುಂದಿನ ವರ್ಷ ಬಾರಪ್ಪ."