ಮನೆಯಲ್ಲಿಲ್ಲದವಳು

ಶಂಕ್ರವ್ವನನ್ನು ಒಂದು ಕಾಲಕ್ಕೆ ಹುಚ್ಚಿ ಎಂದು ಮನೆಯವರು ಕೋಣೆಯಲ್ಲಿ ಕೂಡಿಹಾಕಿದ್ದರು. ಗುಣವಾದ ಮೇಲೆ ಆಕೆ ತನ್ನನ್ನು ಉಳಿಸಿದ ಮಾನಸಿಕ ಆರೋಗ್ಯ ಕೇಂದ್ರದಲ್ಲೇ ಕೆಲಸಕ್ಕೆ ಸೇರಿದಳು. ತನ್ನ ಹಾಗೆ ಕೋಣೆಯಲ್ಲಿ ಬಂದಿಯಾದವರನ್ನು ಹುಡುಕುತ್ತ ಊರೂರು ತಿರುಗುತ್ತಿದ್ದಳು.

ಆ ದಿನ ಚನ್ನವೀರಪ್ಪನ ಪಡಸಾಲೆಯಲ್ಲಿ ಕೂತು ಕೇಳಿದಳು, “ಮನ್ಯಾಗ ಎಷ್ಟು ಮಂದಿ ಅದೀರಿ, ಯಜಮಾನ್ರ?”

“ನಾಕ ಮಂದಿ. ನಾನು, ನನ್ನ ಹೇಂತಿ, ಎರಡು ಮಕ್ಕಳು.”

“ನಿಮ್ಮ ತಂಗಿ ನೀಲವ್ವ?”

“ಆಕಿ ಊರು ಬಿಟ್ಟು ಹೋಗಿ ಭಾಳ ವರ್ಷ ಆತು.”

ಹೊರಗಿನಿಂದ ಚಿಲಕ ಹಾಕಿದ್ದ ಹಿಂದಿನ ಕೋಣೆಯೊಳಗೆ ಯಾರೋ ಕೆಮ್ಮಿದರು. ಚನ್ನವೀರಪ್ಪನ ಹೆಂಡತಿ ತಲೆ ತಗ್ಗಿಸಿದಳು.

“ಆಕಿ ಇಲ್ಲೇ ಇದ್ದರ ಹೇಳ್ರಿ. ಗುಳಿಗಿ ಕೊಡಸ್ತೀವಿ, ಹೊಲಿಗಿ ಕಲಸ್ತೀವಿ. ನಮ್ಮ ಕೇಂದ್ರದಾಗ ಇಂಥಾವ್ರು ಹದಿನೆಂಟು ಮಂದಿ ದುಡಕೊಂಡು ತಿನ್ನಾಕತ್ತಾರ.”

“ನನ್ನ ಮಗಳ ಲಗ್ನ ಮುರೀಬೇಕಂತ ಬಂದೀಯೇನು? ಇಲ್ಲ ಅಂದ್ರ ಇಲ್ಲ!”

“ಹಂಗಾರ ಮನ್ಯಾಗ ಬ್ಯಾರೆ ಯಾರೂ ಇಲ್ಲಂತ ಬರದು ಸಹಿ ಮಾಡ್ರಿ.”

ಪೀಡೆ ತೊಲಗಿದರೆ ಸಾಕೆಂದು ಅವನು ಬರೆದು ಸಹಿ ಹಾಕಿದ. ಶಂಕ್ರವ್ವ ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡು, ನೇರವಾಗಿ ಹಿಂದಿನ ಕೋಣೆಗೆ ಹೋಗಿ ಚಿಲಕ ತೆಗೆದಳು. ಜಡೆಗಟ್ಟಿದ ಕೂದಲಿನ ಹೆಂಗಸೊಬ್ಬಳು ಬೆಳಕಿಗೆ ಕಣ್ಣು ಕಿರಿದು ಮಾಡಿ ನೋಡಿದಳು.

“ನನ್ನ ಜೋಡಿ ಬರ್ತೀಯೇನವಾ?”

ಆಕೆ ಶಂಕ್ರವ್ವನಿಗಿಂತ ಮೊದಲೇ ಹೊರಗೆ ಹೆಜ್ಜೆ ಇಟ್ಟಳು. ಇಬ್ಬರೂ ಪಡಸಾಲೆ ದಾಟಿ ಬಾಗಿಲಿಗೆ ಬಂದಾಗ ಚನ್ನವೀರಪ್ಪ ಅಡ್ಡ ನಿಂತ.

“ಏಯ್, ನನ್ನ ತಂಗೀನ ಎಲ್ಲಿಗೆ ಕರಕೊಂಡು ಹೊಂಟಿ?”

“ಯಾವ ತಂಗಿರಿ, ಯಜಮಾನ್ರ?”