ಲಾಡಿ ತೆಗೆದ ಬಟ್ಟೆಗಳು

“ಲಾಡಿ, ದಾರ, ಬೆಲ್ಟು ಯಾವುದೂ ಇರಬಾರದು” ಎಂದು ಮಗಳನ್ನು ಸೇರಿಸಲಿದ್ದ ವ್ಯಸನಮುಕ್ತಿ ಕೇಂದ್ರದವರು ಫೋನಿನಲ್ಲಿ ಹೇಳಿದ್ದರು. ಬೆಳಗಾಗುತ್ತಲೇ ತಾಯಿ ಹೊಲಿಗೆ ಯಂತ್ರದ ಮುಂದೆ ಕುಳಿತು, ಮಗಳ ಪೈಜಾಮಗಳ ಲಾಡಿ ಎಳೆದುಹಾಕಿ ಎಲಾಸ್ಟಿಕ್ ಪೋಣಿಸತೊಡಗಿದ್ದಳು. ಹೊರಗೆ ತಾಯಿಯ ಅಣ್ಣ ಕಾರು ತಂದು ಕಾಯುತ್ತಿದ್ದ.

ಮಗಳು ಗೋಡೆಗೊರಗಿ ಮೊಣಕಾಲು ತಬ್ಬಿ ಕುಳಿತಿದ್ದಳು. ಮೂಗು ಸೋರುತ್ತಿತ್ತು, ಆಕಳಿಕೆಯ ಮೇಲೆ ಆಕಳಿಕೆ.

“ಅಮ್ಮಾ, ಒಂದೇ ಒಂದ್ಸಲ ಅಂಗಡಿ ತನಕ ಹೋಗ್ಬರ್ತೀನಿ. ತಲೆನೋವಿನ ಮಾತ್ರೆ ಅಷ್ಟೇ, ನಿನ್ನಾಣೆ.”

“ಬಾಗಿಲು ಹಾಕಿಲ್ಲ ಕಣೇ” ಎಂದಳು ತಾಯಿ ತಲೆಯೆತ್ತದೆ. “ಹಿಡ್ಕೊಂಡು ಹಿಡ್ಕೊಂಡು ನನ್ನ ಕೈನೂ ಸೋತಿದೆ. ಇರೋದಾದ್ರೆ ಈ ಕೈಸೂಜಿಗೆ ದಾರ ಹಾಕ್ಕೊಡು. ಕಣ್ಣು ಕಾಣಲ್ಲ ನಂಗೆ.”

ಆಡಿದ ಮೇಲೆ ತಾಯಿ ಬಾಗಿಲ ಕಡೆ ಕಳ್ಳನೋಟ ಹಾಯಿಸಿದಳು. ನಿಜಕ್ಕೂ ಹೋಗಿಬಿಟ್ಟರೆ?

ಸೂಜಿಗೆ ದಾರ ಹಾಕುವುದು ಚಿಕ್ಕಂದಿನಲ್ಲಿ ಮಗಳದೇ ಹಕ್ಕು. ಕೆನ್ನೆ ಉಬ್ಬಿಸಿ, ಒಂದು ಕಣ್ಣು ಮುಚ್ಚಿ, ದಾರದ ತುದಿಯನ್ನು ನಾಲಗೆಯಲ್ಲಿ ನೆನೆಸಿ ಪಟಕ್ಕನೆ ತೂರಿಸುತ್ತಿದ್ದಳು. ಬಟ್ಟೆ ಕೊಡಲು ಬಂದವರಿಗೆಲ್ಲ “ನಾನೇ ಇಲ್ಲಿ ದೊಡ್ಡ ಟೈಲರ್ರು, ಅಮ್ಮ ಕಲೀತಿದಾಳೆ” ಎನ್ನುತ್ತಿದ್ದಳು. ಮಧ್ಯಾಹ್ನ ತುಂಡುಬಟ್ಟೆಗಳ ರಾಶಿಯಲ್ಲೇ ಮಲಗಿಬಿಡುತ್ತಿದ್ದಳು. ಯಂತ್ರದ ಸದ್ದು ನಿಂತರೆ ಎಚ್ಚರವಾಗುತ್ತದೆಂದು, ಹೊಲಿಯಲು ಏನೂ ಇಲ್ಲದಿದ್ದರೂ ತಾಯಿ ಸುಮ್ಮನೆ ತುಳಿಯುತ್ತ ಕೂರುತ್ತಿದ್ದಳು. ಕಾಲು ನೋವೆಂದು ಒಮ್ಮೆಯೂ ಅನಿಸಿರಲಿಲ್ಲ.

ಮಗಳು ಎದ್ದು ಬಂದು ಸೂಜಿ ಹಿಡಿದಳು. ಕೈ ಗಡಗಡ ನಡುಗಿತು. ದಾರ ಮತ್ತೆ ಮತ್ತೆ ಜಾರಿತು. “ಥೂ! ಇದೂ ಆಗಲ್ಲ ನನ್ ಕೈಲಿ!” ಎಂದು ಎಸೆದು ಹೊಸ್ತಿಲ ತನಕ ನಡೆದೇಬಿಟ್ಟಳು.

ತಾಯಿಯ ಕಾಲು ತನ್ನ ಪಾಡಿಗೆ ತುಳಿಯುತ್ತಿತ್ತು. ಬಟ್ಟೆಯಿಲ್ಲದ ಯಂತ್ರ ಕಟಕಟ ಓಡುತ್ತಿತ್ತು.

ಬೆನ್ನು ಹಾಕಿ ನಿಂತ ಮಗಳು ಆ ಸದ್ದಿಗೆ ಕಿವಿಗೊಟ್ಟಳು. ಆಮೇಲೆ ಮೆಲ್ಲನೆ ತಿರುಗಿ ಬಂದು, ಯಂತ್ರದ ಪಕ್ಕ ನೆಲದ ಮೇಲೆ ಕುಸಿದು ಕೂತಳು. ಹೊರಗೆ ಹಾರ್ನ್ ಕೇಳಿಸಿತು.

“ಬಂದ್ವಿ, ಇದೊಂದು ಮುಗಿಸಿ!” ಎಂದು ಕೂಗಿ ತಾಯಿ ಕೊನೆಯ ಅಂಗಿ ಎತ್ತಿಕೊಂಡಳು. ಮಗಳು ಸೊರಗಿದ ಮೇಲೆ ಅದು ಅವಳ ಮೈಮೇಲೆ ಚೀಲದಂತೆ ಜೋತಾಡುತ್ತಿತ್ತು. ಎರಡೂ ಪಕ್ಕ ಒಳಗೆ ಹಿಡಿದು ಹೊಲಿದಳು. ಮಿಕ್ಕ ಬಟ್ಟೆ ಕತ್ತರಿಸಲು ಕತ್ತರಿ ತೆಗೆದಳು.

ನಡುಗುವ ಕೈಯೊಂದು ಅವಳ ಮಣಿಕಟ್ಟು ಹಿಡಿಯಿತು.

“ಕತ್ತರಿಸ್ಬೇಡಮ್ಮ. ಒಳಗೇ ಮಡಚಿಡು. ವಾಪಸ್ ಬಂದ್ಮೇಲೆ ಬಿಚ್ಚೋಕೆ ಬೇಕಾಗುತ್ತೆ.”