ಏನಾದರೂ ಬದಲಾಗಿದೆಯೇ?

“ಡಿಸೆಂಬರ್ ಮೂವತ್ತೊಂದಕ್ಕೆ ಮದುವೆ ಆದ್ಯಾ? ನಮಗೆ ಒಂದು ತುಂಡು ಕೇಕೂ ಇಲ್ವಲ್ಲೇ.” ವರ್ನಾ ನೋವಾಕ್ ಕನ್ನಡಕ ಹಣೆಗೇರಿಸಿದರು. ಅಮೆರಿಕದ ಟೊಲೀಡೊ ಊರಿನ ಲೈಬ್ರರಿಯಲ್ಲಿ ಮಾರ್ಚ್ ತಿಂಗಳಿಡೀ ಮೇಜು ಹಾಕಿಕೊಂಡು ಪುಕ್ಕಟೆ ತೆರಿಗೆ ಫಾರಂ ತುಂಬಿಕೊಡುವ ರಿಟೈರ್ಡ್ ಟೀಚರ್ ಅವರು.

“ಕೋರ್ಟಲ್ಲಿ ಆದ್ವಿ, ಮಿಸೆಸ್ ನೋವಾಕ್. ಮಾರನೇ ದಿನಾನೇ ಟ್ರೆಂಟ್ ವಾಯೋಮಿಂಗ್‌ಗೆ ಹೋದ, ಗಾಳಿಯಂತ್ರ ರಿಪೇರಿ ಕೆಲಸಕ್ಕೆ. ನಾನಿಲ್ಲೇ, ಆಸ್ಪತ್ರೇಲಿ,” ಅಂದಳು ಮಾರ್ಲಾ.

“ಮತ್ತೆ ಫೆಬ್ರವರೀಲಿ ಮದುವೆಯಾಗಿಲ್ಲ ಅಂತ ಫಾರಂ ಕಳಿಸಿದೀಯ?”

“ಆ ವರ್ಷದಲ್ಲಿ ಒಂದೇ ದಿನ ಅಲ್ವಾ? ಆಮೇಲೆ ಒಬ್ಬೊಬ್ಬರು ಒಂದೊಂದು ರಾಜ್ಯದಲ್ಲಿ...”

“ಕೊನೇ ದಿನ ಆದ್ರೂ ಇಡೀ ವರ್ಷ ಆದಂಗೇ ಲೆಕ್ಕ. ಯಾರು ಎಲ್ಲಿ ಮಲಗ್ತೀರಿ ಅಂತ ವಾಷಿಂಗ್ಟನ್‌ನ ತೆರಿಗೆ ಆಫೀಸಿನೋರು ಕೇಳಲ್ಲ ಮಗಳೇ. ಗಂಡ ಹೆಂಡತಿ ಒಟ್ಟಿಗೆ ಕಳಿಸ್ತೀರೋ, ಬೇರೆಬೇರೆ ಕಳಿಸ್ತೀರೋ, ಅಷ್ಟೇ ಕೇಳೋದು.”

ಮಾರ್ಲಾ ತಲೆ ತಗ್ಗಿಸಿದಳು. ನಿಜ ಹೇಳಬೇಕೆಂದರೆ ಒಂದು ದಿನ, ಎರಡು ರಾಜ್ಯ ಅಂತೆಲ್ಲ ಅವಳು ಯೋಚಿಸಿಯೇ ಇರಲಿಲ್ಲ. ಡ್ಯೂಟಿಗೆ ಹೋಗುವಾಗ ಬಸ್ಸಿನಲ್ಲಿ ಫಾರಂ ತುಂಬಲು ಫೋನ್ ತೆಗೆದಿದ್ದಳು. ಹೋದ ವರ್ಷದ ವಿವರವೆಲ್ಲ ತಾನಾಗಿ ತುಂಬಿಕೊಂಡಿತ್ತು. ಕೊನೆಗೊಂದು ಪ್ರಶ್ನೆ: ‘ಕಳೆದ ವರ್ಷದಿಂದ ನಿಮ್ಮ ಬದುಕಿನಲ್ಲಿ ಏನಾದರೂ ಬದಲಾಗಿದೆಯೇ?’ ಅಷ್ಟರಲ್ಲಿ ಸ್ಟಾಪ್ ಬಂತು. ‘ಇಲ್ಲ’ ಅಂತ ಒತ್ತಿ ಇಳಿದುಬಿಟ್ಟಳು.

ಅತ್ತ ಟ್ರೆಂಟ್ ಇಬ್ಬರ ಹೆಸರೂ ಬರೆದ ಫಾರಂ ಇಟ್ಟುಕೊಂಡು, ಅವಳ ಸಂಬಳದ ಚೀಟಿಗೆ ನಾಲ್ಕು ವಾರ ಕಾದಿದ್ದ. ಮೊನ್ನೆ ಫೋನಿನಲ್ಲಿ ಕೇಳಿದಾಗ ಅವಳು ಇದನ್ನೆಲ್ಲ ಜೋಕಿನ ಹಾಗೆ ಹೇಳಿದಳು. ಅವನು ನಗಲಿಲ್ಲ.

“ಏನೂ ಬದಲಾಗಿಲ್ಲ ಅಂದ್ಯಾ?” ಅಂತ ಮೆಲ್ಲಗೆ ಕೇಳಿ ಫೋನ್ ಇಟ್ಟ.

“ಇದನ್ನ ಸರಿ ಮಾಡ್ಬಹುದಾ?” ಎಲ್ಲವನ್ನೂ ವರ್ನಾಗೆ ಹೇಳಿ ಮಾರ್ಲಾ ಕೇಳಿದಳು.

“ಕಾಗದಾನ ಮಾಡ್ಬಹುದು. ಒಟ್ಟಿಗೆ ಅಂತ ತಿದ್ದಿ ಕಳ್ಸೋಣ. ಆದ್ರೆ ನನ್ನ ಮೇಜಿನ ಮುಂದೆ ಇಬ್ರೂ ಕೂತು ಸಹಿ ಹಾಕ್ಬೇಕು. ಬರ್ತಾನಾ?”

ಮಾರ್ಲಾ ಮೆಸೇಜು ಕಳಿಸಿದಳು. ಅವನು ಟೈಪ್ ಮಾಡುತ್ತಿರುವುದನ್ನು ತೋರಿಸುವ ಮೂರು ಚುಕ್ಕಿ ಮೂಡಿ ಅಳಿಸಿಹೋದವು. ಮತ್ತೆ ಮೂಡಿದವು. ಕಡೆಗೆ ಉತ್ತರ ಬಂತು: ‘ಇವತ್ತು ಸಂಜೆ ವಿಮಾನಕ್ಕೆ ಹೊರಡ್ತೀನಿ. ಸಹಿ ಹಾಕೋದು ಬಂದಮೇಲೆ ನೋಡೋಣ.’ ಅವಳು ಅದನ್ನು ವರ್ನಾಗೆ ಓದಿ ಹೇಳಿದಳು.

“ಹಾಗಾದ್ರೆ ನಾಳೆ ಬೆಳಿಗ್ಗೆ ಹತ್ತಕ್ಕೆ,” ಎಂದು ವರ್ನಾ ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ತಿದ್ದುಪಡಿಯ ಫಾರಂ ಅವಳತ್ತ ತಳ್ಳಿದರು. ಎರಡನೇ ಪುಟದಲ್ಲಿ ಖಾಲಿ ಜಾಗವೊಂದಿತ್ತು. ಅದರ ಮೇಲೆ ಅಚ್ಚಾಗಿತ್ತು: ‘ಬದಲಾವಣೆಗೆ ಕಾರಣ ವಿವರಿಸಿ.’

“ಮಿಕ್ಕಿದ್ದೆಲ್ಲ ನಾನು ತುಂಬ್ತೀನಿ. ಇದೊಂದನ್ನ ನೀನೇ ಬರ್ಕೊಂಡು ಬಾ,” ಅಂದರು ವರ್ನಾ. “ಅವನು ಮೊದಲು ಓದೋದು ಇದನ್ನೇ.”